ಇಂಟರ್‌ಫೆರಾನ್ ಎಂದರೇನು? ಬ್ಯಾಕ್ಟೀರಿಯಾದ ವಿಷ ಕಂಡಾಗ ದೇಹ ಬಾರಿಸುವ ಎಚ್ಚರಿಕೆಯ ಗಂಟೆ ಮತ್ತು ಅದನ್ನು ನಿಲ್ಲಿಸುವ ಬ್ರೇಕ್

ಐಸಿಯು ಹೊರಗೆ ಕುಳಿತವರಿಗೆ ವೈದ್ಯರು ಹೇಳುವ ಮಾತೊಂದಿದೆ: 'ಇನ್‌ಫೆಕ್ಷನ್ ಮೈಯೆಲ್ಲ ಹರಡಿದೆ, ಸೆಪ್ಸಿಸ್ ಆಗಿದೆ.' ಮನೆಯವರ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಆ್ಯಂಟಿಬಯೋಟಿಕ್ ಕೊಡುತ್ತಿದ್ದೀರಿ, ಬ್ಯಾಕ್ಟೀರಿಯಾ ಸಾಯುತ್ತಿದೆ ಎನ್ನುತ್ತೀರಿ, ಮತ್ತೆ ಬಿಪಿ ಇಳಿಯುತ್ತಿರುವುದೇಕೆ? ಕಿಡ್ನಿ ಕೈಕೊಡುತ್ತಿರುವುದೇಕೆ?

ಉತ್ತರದ ಒಂದು ಭಾಗ ಬ್ಯಾಕ್ಟೀರಿಯಾದಲ್ಲಿದೆ, ಇನ್ನೊಂದು ಭಾಗ ನಮ್ಮದೇ ದೇಹದಲ್ಲಿದೆ. ಬ್ಯಾಕ್ಟೀರಿಯಾದ ವಿಷ ಕಂಡ ಕೂಡಲೇ ನಮ್ಮ ರಕ್ಷಣಾ ಕೋಶಗಳು ಎಚ್ಚರಿಕೆಯ ಗಂಟೆ ಬಾರಿಸುತ್ತವೆ. ಆ ಗಂಟೆಗಳಲ್ಲಿ ಮುಖ್ಯವಾದ ಒಂದರ ಹೆಸರು ಇಂಟರ್‌ಫೆರಾನ್. ಗಂಟೆ ಬಾರಿಸದಿದ್ದರೆ ಸೋಂಕು ಗೆಲ್ಲುತ್ತದೆ. ಬಾರಿಸುತ್ತಲೇ ಇದ್ದರೆ ದೇಹವೇ ಸೋಲುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಜೀವವಿಜ್ಞಾನದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜಿನ ಪ್ರಕಾರ 2017ರಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನ ಸೆಪ್ಸಿಸ್‌ಗೆ ತುತ್ತಾದರು, 1.1 ಕೋಟಿ ಜನ ಸತ್ತರು. ಅಂದರೆ ಆ ವರ್ಷದ ಪ್ರತಿ ಐದು ಸಾವುಗಳಲ್ಲಿ ಸುಮಾರು ಒಂದು. ಹಾಗಾದರೆ ಈ ಗಂಟೆ ಬಾರಿಸುವವರು ಯಾರು, ನಿಲ್ಲಿಸುವವರು ಯಾರು? ಹಂತ ಹಂತವಾಗಿ ನೋಡೋಣ.

ಇಂಟರ್‌ಫೆರಾನ್ ಪತ್ತೆಯಾಗಿದ್ದು ಹೇಗೆ?

1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಒಂದು ಪ್ರಯೋಗ ಮಾಡಿದರು. ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಪೊರೆಯ ತುಣುಕುಗಳೊಂದಿಗೆ ಇಟ್ಟರು. ಆ ತುಣುಕುಗಳು ಯಾವುದೋ ಒಂದು ವಸ್ತುವನ್ನು ಹೊರಬಿಟ್ಟವು. ಆ ವಸ್ತು ಬೆರೆತ ದ್ರವವನ್ನು ಹೊಸ ಪೊರೆಗೆ ಹಾಕಿದಾಗ ಜೀವಂತ ವೈರಸ್ ಅಲ್ಲಿ ಬೆಳೆಯಲು ತಿಣುಕಾಡಿತು. ವೈರಸ್ಸಿನ ಕೆಲಸದಲ್ಲಿ 'ಅಡ್ಡಿಪಡಿಸುವ' ವಸ್ತು ಎಂಬ ಅರ್ಥದಲ್ಲಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಹೀಗಾಗಿ ಇಂಟರ್‌ಫೆರಾನ್ ಎಂದರೆ ವೈರಸ್ ವಿರುದ್ಧದ ಅಸ್ತ್ರ ಎಂದೇ ಬಹುಕಾಲ ತಿಳಿಯಲಾಗಿತ್ತು. ಅದು ನಿಜವೂ ಹೌದು, ಆದರೆ ಅರ್ಧ ಮಾತ್ರ. ಬ್ಯಾಕ್ಟೀರಿಯಾ ಮತ್ತು ಅದರ ವಿಷಗಳಿಗೂ ಇದೇ ಗಂಟೆ ಬಾರಿಸುತ್ತದೆ ಎಂಬುದು ನಂತರದ ದಶಕಗಳಲ್ಲಿ ಸ್ಪಷ್ಟವಾಯಿತು.

ಮೂರು ಬಗೆಯ ಇಂಟರ್‌ಫೆರಾನ್

ಮೊದಲ ಬಗೆಯಲ್ಲಿ ಆಲ್ಫಾ ಮತ್ತು ಬೀಟಾ ಮುಖ್ಯವಾದವು. ದೇಹದ ಬಹುತೇಕ ಎಲ್ಲ ಕೋಶಗಳೂ ಇವುಗಳ ಸಂದೇಶ ಕೇಳಿಸಿಕೊಳ್ಳಬಲ್ಲವು. ಹೀಗಾಗಿ ಇದು ಇಡೀ ಊರಿಗೆ ಕೇಳಿಸುವ ಗಂಟೆ.

ಎರಡನೆಯದು ಗಾಮಾ. ಇದನ್ನು ಮುಖ್ಯವಾಗಿ ಎನ್‌ಕೆ ಕೋಶಗಳು ಮತ್ತು ಟಿ ಕೋಶಗಳು ತಯಾರಿಸುತ್ತವೆ. ಬ್ಯಾಕ್ಟೀರಿಯಾವನ್ನು ನುಂಗುವ ಕೋಶಗಳಿಗೆ 'ನುಂಗಿದ್ದು ಸಾಲದು, ಕೊಲ್ಲು' ಎಂದು ಹೇಳುವುದು ಇದರ ಕೆಲಸ.

ಮೂರನೆಯದು ಲ್ಯಾಂಬ್ಡಾ. 2003ರಲ್ಲಿ ಪತ್ತೆಯಾದ ಇದು ಮುಖ್ಯವಾಗಿ ಶ್ವಾಸನಾಳ ಮತ್ತು ಕರುಳಿನ ಒಳಪದರದಂತಹ ಕಡೆ ಕೆಲಸ ಮಾಡುತ್ತದೆ. ಈ ಲೇಖನದಲ್ಲಿ ನಮಗೆ ಹೆಚ್ಚು ಬೇಕಾಗಿರುವುದು ಮೊದಲ ಎರಡು. ಹೆಸರು ಒಂದೇ ಆದರೂ ಇವೆರಡೂ ಯಾವಾಗಲೂ ಒಂದೇ ಪಕ್ಷದಲ್ಲಿ ಇರುವುದಿಲ್ಲ ಎಂಬುದನ್ನು ನೆನಪಿಡಿ.

ಬ್ಯಾಕ್ಟೀರಿಯಾದ ವಿಷದಲ್ಲಿ ಎರಡು ಜಾತಿ

ಕೆಲವು ಬ್ಯಾಕ್ಟೀರಿಯಾಗಳು ವಿಷವನ್ನು ತಯಾರಿಸಿ ಹೊರಗೆ ಬಿಡುತ್ತವೆ. ಕಾಲರಾ ವಿಷ ಇದಕ್ಕೆ ಪ್ರಸಿದ್ಧ ಉದಾಹರಣೆ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವ ಮಾತ್ರವೇ ಮೊಲದ ಕರುಳಿನಲ್ಲಿ ಕಾಲರಾದಂತೆ ನೀರು ತುಂಬಿಸಬಲ್ಲದು ಎಂದು 1959ರಲ್ಲಿ ತೋರಿಸಿದವರು ಕೋಲ್ಕತ್ತಾದ ಶಂಭುನಾಥ್ ಡೇ.

ಇನ್ನೊಂದು ಜಾತಿಯ ವಿಷ ಬ್ಯಾಕ್ಟೀರಿಯಾದ ಮೈಯ ಭಾಗವೇ ಆಗಿರುತ್ತದೆ. 1892ರಲ್ಲಿ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಸಹೋದ್ಯೋಗಿ ರಿಚರ್ಡ್ ಫೈಫರ್, ಕಾಯಿಸಿ ಕೊಂದ ಕಾಲರಾ ಬ್ಯಾಕ್ಟೀರಿಯಾ ಕೂಡ ಗಿನಿಪಿಗ್‌ಗಳನ್ನು ಕೊಲ್ಲುವುದನ್ನು ಕಂಡರು. ಒಳಗೇ ಇರುವ ವಿಷ ಎಂಬ ಅರ್ಥದಲ್ಲಿ ಅದನ್ನು ಎಂಡೋಟಾಕ್ಸಿನ್ ಎಂದು ಕರೆದರು. ಇಂದು ಅದರ ರಾಸಾಯನಿಕ ಹೆಸರು ಲಿಪೊಪಾಲಿಸ್ಯಾಕರೈಡ್, ಚಿಕ್ಕದಾಗಿ ಎಲ್‌ಪಿಎಸ್. ಇ. ಕೋಲಿ, ಟೈಫಾಯಿಡ್‌ಗೆ ಕಾರಣವಾಗುವ ಸಾಲ್ಮೊನೆಲ್ಲಾ ಮುಂತಾದವುಗಳ ಹೊರಪದರದಲ್ಲಿ ಇದು ಇರುತ್ತದೆ.

ಎಲ್‌ಪಿಎಸ್ ಎಷ್ಟು ಪ್ರಬಲ? ಆರೋಗ್ಯವಂತ ಸ್ವಯಂಸೇವಕರಿಗೆ ದೇಹತೂಕದ ಪ್ರತಿ ಕಿಲೋಗೆ 2ರಿಂದ 4 ನ್ಯಾನೋಗ್ರಾಂ ಚುಚ್ಚಿದರೆ ಸಾಕು, ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ತಲೆನೋವು ಶುರುವಾಗುತ್ತದೆ. ಒಂದು ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ. ಇಲ್ಲಿ ಗಮನಿಸಬೇಕಾದ ವಿಷಯವೆಂದರೆ, ಎಲ್‌ಪಿಎಸ್ ತಾನಾಗಿ ಕೋಶಗಳನ್ನು ಸುಡುವ ಆ್ಯಸಿಡ್ ಅಲ್ಲ. ಅದು ಕಂಡಾಗ ನಮ್ಮ ಕೋಶಗಳು ಕೊಡುವ ಪ್ರತಿಕ್ರಿಯೆಯೇ ಅದನ್ನು ವಿಷವಾಗಿಸುತ್ತದೆ.

ಕಾವಲಿಗೆ ನಿಂತ ಕೋಶಗಳು ಯಾವುವು?

ನಮ್ಮ ರೋಗನಿರೋಧಕ ವ್ಯವಸ್ಥೆಗೆ ಎರಡು ಪಡೆಗಳಿವೆ. ಒಂದು, ಹಿಂದೆ ಕಂಡ ಶತ್ರುವನ್ನು ನೆನಪಿಟ್ಟುಕೊಂಡು ಹೋರಾಡುವ ಪಡೆ. ಲಸಿಕೆಗಳು ತರಬೇತಿ ಕೊಡುವುದು ಮುಖ್ಯವಾಗಿ ಇದಕ್ಕೆ. ಇನ್ನೊಂದು, ಹುಟ್ಟಿನಿಂದಲೇ ಬಂದ ಜನ್ಮಜಾತ ಪಡೆ. ಹೊಸ ಶತ್ರುವನ್ನೂ ಮೊದಲ ಗಂಟೆಗಳಲ್ಲೇ ಎದುರಿಸುವುದು ಇದೇ.

ಜನ್ಮಜಾತ ಪಡೆಯ ಪ್ರಮುಖರು ಇವರು. ಅಂಗಾಂಶಗಳಲ್ಲಿ ಕುಳಿತು ಸಿಕ್ಕಿದ್ದನ್ನು ನುಂಗುವ ಮ್ಯಾಕ್ರೋಫೇಜ್‌ಗಳು. ರಕ್ತದಲ್ಲಿ ಓಡಾಡುವ ನ್ಯೂಟ್ರೋಫಿಲ್‌ಗಳು (ನಿಮ್ಮ ರಕ್ತಪರೀಕ್ಷೆಯ ವರದಿಯಲ್ಲಿ ಶೇಕಡಾವಾರು ಬರೆದಿರುವ ಅದೇ ನ್ಯೂಟ್ರೋಫಿಲ್). ಶತ್ರುವಿನ ಗುರುತನ್ನು ಎರಡನೇ ಪಡೆಗೆ ತಲುಪಿಸುವ ಡೆಂಡ್ರಿಟಿಕ್ ಕೋಶಗಳು. ಗಾಮಾ ಇಂಟರ್‌ಫೆರಾನ್ ಸುರಿಸುವ ಎನ್‌ಕೆ ಕೋಶಗಳು. ಡೆಂಡ್ರಿಟಿಕ್ ಕೋಶಗಳಲ್ಲೇ ಪ್ಲಾಸ್ಮಸೈಟಾಯ್ಡ್ ಎಂಬ ಒಂದು ಬಗೆ ಇದೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಮೊದಲ ಬಗೆಯ ಇಂಟರ್‌ಫೆರಾನ್ ತಯಾರಿಸುವುದರಲ್ಲಿ ಇದನ್ನು ಮೀರಿಸುವ ಕೋಶ ಇನ್ನೊಂದಿಲ್ಲ.

ಬಾಗಿಲು, ಪಡಸಾಲೆ, ಅಡುಗೆಮನೆ: ಕಳ್ಳ ಸಿಕ್ಕಿದ್ದೆಲ್ಲಿ?

ಕೋಶವನ್ನು ಒಂದು ಮನೆ ಎಂದುಕೊಳ್ಳಿ. ಕಳ್ಳ ಬಾಗಿಲಲ್ಲಿ ಸಿಕ್ಕರೆ ಒಂದು ಬಗೆಯ ಕೂಗು, ಪಡಸಾಲೆಗೆ ಬಂದರೆ ಇನ್ನೊಂದು ಬಗೆ, ಅಡುಗೆಮನೆಗೇ ನುಗ್ಗಿದರೆ ಮತ್ತೊಂದು ಬಗೆ. ಮ್ಯಾಕ್ರೋಫೇಜ್ ಕೂಡ ಹೀಗೆಯೇ ಲೆಕ್ಕ ಹಾಕುತ್ತದೆ. ಏನು ಸಿಕ್ಕಿತು ಎಂಬುದರಷ್ಟೇ ಎಲ್ಲಿ ಸಿಕ್ಕಿತು ಎಂಬುದೂ ಅದಕ್ಕೆ ಮುಖ್ಯ.

ಬಾಗಿಲಲ್ಲಿ ಎಲ್‌ಪಿಎಸ್ ಹಿಡಿಯುವ ಗ್ರಾಹಕದ ಹೆಸರು ಟಿಎಲ್‌ಆರ್4. ಎಲ್‌ಪಿಎಸ್ ತಾಗಿದಾಗ ಇದು ಮೈಡಿ88 ಎಂಬ ಪ್ರೋಟೀನಿನ ಮೂಲಕ ಸಂದೇಶ ಕಳಿಸುತ್ತದೆ. ಟಿಎನ್‌ಎಫ್, ಐಎಲ್-6ನಂತಹ ಉರಿಯೂತದ ವಸ್ತುಗಳು ಹೊರಬರುತ್ತವೆ. ಜ್ವರ ಬರುವುದು ಇಂತಹವುಗಳಿಂದಲೇ.

ಆಮೇಲೆ ಕೋಶ ಆ ಗ್ರಾಹಕವನ್ನು ಎಲ್‌ಪಿಎಸ್ ಸಮೇತ ಒಂದು ಪುಟ್ಟ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಇದು ಪಡಸಾಲೆ. ಇಲ್ಲಿ ಅದೇ ಟಿಎಲ್‌ಆರ್4 ಬೇರೆ ತಂತಿ ಮೀಟುತ್ತದೆ. ಟ್ರಿಫ್ ಎಂಬ ಪ್ರೋಟೀನಿನ ಮೂಲಕ ಸಂದೇಶ ಸಾಗಿ, ಕೊನೆಗೆ ಐಆರ್‌ಎಫ್3 ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಬೀಟಾ ಇಂಟರ್‌ಫೆರಾನ್ ಜೀನನ್ನು ಚಾಲೂ ಮಾಡುತ್ತದೆ. ಅಂದರೆ ಒಂದೇ ಗ್ರಾಹಕ, ಎರಡು ಜಾಗ, ಎರಡು ಬೇರೆ ಗಂಟೆ. ಇಂಟರ್‌ಫೆರಾನ್ ಗಂಟೆ ಸ್ವಲ್ಪ ತಡವಾಗಿ ಬಾರಿಸುವುದಕ್ಕೆ ಈ ಒಳಗೆಳೆದುಕೊಳ್ಳುವ ಹಂತವೂ ಕಾರಣ.

ಹೊರಬಂದ ಇಂಟರ್‌ಫೆರಾನ್ ಅದೇ ಕೋಶಕ್ಕೂ ಅಕ್ಕಪಕ್ಕದ ಕೋಶಗಳಿಗೂ ತಾಗುತ್ತದೆ. ಆಗ ಜ್ಯಾಕ್ ಮತ್ತು ಸ್ಟಾಟ್ ಎಂಬ ಪ್ರೋಟೀನ್‌ಗಳ ಸರಪಳಿ ಎದ್ದು ನೂರಾರು ಜೀನ್‌ಗಳು ಕೆಲಸಕ್ಕಿಳಿಯುತ್ತವೆ.

ಅಡುಗೆಮನೆ ಎಂದರೆ ಕೋಶದ್ರವ. ಅಲ್ಲಿ ಬ್ಯಾಕ್ಟೀರಿಯಾದ ಗುರುತು ಸಿಗುವುದೆಂದರೆ ಅಪಾಯ ಒಳಗೇ ಬಂದಿದೆ ಎಂದರ್ಥ. ಅಲ್ಲಿ ಎರಡು ಕಾವಲುಗಳಿವೆ. ಮೊದಲನೆಯದು ಸಿಗ್ಯಾಸ್ ಎಂಬ ಪ್ರೋಟೀನ್. ಇರಬಾರದ ಜಾಗದಲ್ಲಿ ಡಿಎನ್‌ಎ ಕಂಡರೆ ಇದು ಒಂದು ಪುಟ್ಟ ಸಂದೇಶವಾಹಕ ಅಣುವನ್ನು ತಯಾರಿಸುತ್ತದೆ, ಅದು ಸ್ಟಿಂಗ್ ಎಂಬ ಪ್ರೋಟೀನನ್ನು ಎಬ್ಬಿಸುತ್ತದೆ, ಇಂಟರ್‌ಫೆರಾನ್ ಹೊರಡುತ್ತದೆ. ಸಿಗ್ಯಾಸ್ ಪತ್ತೆಗಾಗಿ ಅಮೆರಿಕದ ಟೆಕ್ಸಾಸ್‌ನ ವಿಜ್ಞಾನಿ ಝಿಜಿಯಾನ್ ಚೆನ್ ಅವರಿಗೆ 2024ರ ಲಾಸ್ಕರ್ ಪ್ರಶಸ್ತಿ ಬಂದಿದೆ.

ಎರಡನೆಯ ಕಾವಲು ಕೋಶದ್ರವದೊಳಗೆ ಬಂದ ಎಲ್‌ಪಿಎಸ್ ಹಿಡಿಯುವ ಕ್ಯಾಸ್ಪೇಸ್‌ಗಳು: ಇಲಿಗಳಲ್ಲಿ ಕ್ಯಾಸ್ಪೇಸ್-11, ಮನುಷ್ಯರಲ್ಲಿ ಕ್ಯಾಸ್ಪೇಸ್-4 ಮತ್ತು 5. ಇವು ಎಚ್ಚೆತ್ತರೆ ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನ್ ಕೋಶದ ಪೊರೆಗೆ ರಂಧ್ರ ಕೊರೆಯುತ್ತದೆ, ಕೋಶ ಒಡೆದು ಸಾಯುತ್ತದೆ. ಒಳಗೆ ಅಡಗಿದ್ದ ಬ್ಯಾಕ್ಟೀರಿಯಾ ಮನೆ ಕಳೆದುಕೊಳ್ಳುತ್ತದೆ. ಈ ವ್ಯವಸ್ಥೆಗೆ ಬೇಕಾದ ಸಾಮಗ್ರಿಯನ್ನು ಹೆಚ್ಚಿಸುವುದೂ ಇಂಟರ್‌ಫೆರಾನೇ. ಒಂದೆರಡು ಕೋಶಗಳು ಹೀಗೆ ಸತ್ತರೆ ಅದು ತ್ಯಾಗ. ಮೈಯೆಲ್ಲ ಇದೇ ನಡೆದರೆ ಅದು ದುರಂತ.

ಗಂಟೆಯೇ ಇಲ್ಲದ ಇಲಿಗಳ ಕಥೆ

ಹಾಗಾದರೆ ಗಂಟೆಯನ್ನೇ ಕಿತ್ತು ಹಾಕಿದರೆ? ಇದಕ್ಕೆ ಉತ್ತರ ಕೊಟ್ಟದ್ದು ಸಿ3ಎಚ್/ಹೆಚ್‌ಇಜೆ ಎಂಬ ತಳಿಯ ಇಲಿಗಳು. ಬೇರೆ ಇಲಿಗಳನ್ನು ಕೊಲ್ಲುವಷ್ಟು ಎಲ್‌ಪಿಎಸ್ ಕೊಟ್ಟರೂ ಇವು ಸಾಯುತ್ತಿರಲಿಲ್ಲ. ಅದೃಷ್ಟವಂತ ಇಲಿಗಳು ಎನ್ನಿಸಬಹುದು. ಆದರೆ ಜೀವಂತ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೊಟ್ಟಾಗ ಇವು ಬಹುಬೇಗ ಸತ್ತವು. ವಿಷ ಗೊತ್ತಾಗದ್ದರಿಂದ ವಿಷದಿಂದ ಉಳಿದವು, ಶತ್ರು ಗೊತ್ತಾಗದ್ದರಿಂದ ಶತ್ರುವಿಗೆ ಬಲಿಯಾದವು.

1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಈ ಇಲಿಗಳಲ್ಲಿ ಕೆಟ್ಟಿರುವುದು ಟಿಎಲ್‌ಆರ್4 ಜೀನ್ ಎಂದು ಪತ್ತೆಹಚ್ಚಿತು. ಹಣ್ಣಿನ ನೊಣದಲ್ಲಿ ಇದೇ ಕುಟುಂಬದ ಟೋಲ್ ಜೀನಿನ ರಕ್ಷಣಾ ಪಾತ್ರವನ್ನು ತೋರಿಸಿದ ಜೂಲ್ಸ್ ಹಾಫ್‌ಮನ್ ಮತ್ತು ಡೆಂಡ್ರಿಟಿಕ್ ಕೋಶ ಪತ್ತೆ ಮಾಡಿದ ರಾಲ್ಫ್ ಸ್ಟೈನ್‌ಮನ್ ಅವರೊಂದಿಗೆ ಬಾಯ್ಟ್ಲರ್ 2011ರ ನೊಬೆಲ್ ಹಂಚಿಕೊಂಡರು.

ಇನ್ನೊಂದು ಪ್ರಯೋಗ 2003ರದ್ದು. ಬೀಟಾ ಇಂಟರ್‌ಫೆರಾನ್ ಇಲ್ಲದ ಇಲಿಗಳು ಎಲ್‌ಪಿಎಸ್ ಆಘಾತವನ್ನು ಹೆಚ್ಚು ತಡೆದುಕೊಂಡವು. ಅಂದರೆ ಆಘಾತದಲ್ಲಿ ಇಂಟರ್‌ಫೆರಾನ್ ಬರೀ ನೋಡುಗನಲ್ಲ, ಪಾಲುದಾರ.

2004ರಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಬಗ್ಗೆ ಮೂರು ತಂಡಗಳು ಇಂಥದ್ದೇ ಫಲಿತಾಂಶ ಕಂಡವು. ಲಿಸ್ಟೀರಿಯಾ ತನ್ನನ್ನು ನುಂಗಿದ ಚೀಲಕ್ಕೆ ಲಿಸ್ಟೀರಿಯೊಲೈಸಿನ್-ಓ ಎಂಬ ವಿಷದಿಂದ ತೂತು ಹೊಡೆದು ಕೋಶದ್ರವಕ್ಕೆ ಇಳಿಯುತ್ತದೆ. ಅಲ್ಲಿ ಅದು ಹೊರಬಿಡುವ ಅಣುಗಳನ್ನು ಸ್ಟಿಂಗ್ ಗುರುತಿಸಿ ಇಂಟರ್‌ಫೆರಾನ್ ಗಂಟೆ ಬಾರಿಸುತ್ತದೆ. ಆದರೆ ಈ ಗಂಟೆ ಕೇಳಿಸದ ಇಲಿಗಳು, ಅಂದರೆ ಮೊದಲ ಬಗೆಯ ಇಂಟರ್‌ಫೆರಾನ್ ಗ್ರಾಹಕ ಇಲ್ಲದ ಇಲಿಗಳು, ಸೋಂಕನ್ನು ಇನ್ನೂ ಚೆನ್ನಾಗಿ ಎದುರಿಸಿದವು!

ಹಾಗೆಂದು ಮೊದಲ ಬಗೆಯ ಇಂಟರ್‌ಫೆರಾನ್ ಯಾವಾಗಲೂ ಖಳನಾಯಕ ಎಂದು ತೀರ್ಮಾನಿಸಬೇಡಿ. ನವಜಾತ ಶಿಶುಗಳಲ್ಲಿ ಗಂಭೀರ ಸೋಂಕು ತರುವ ಗ್ರೂಪ್-ಬಿ ಸ್ಟ್ರೆಪ್ಟೋಕಾಕಸ್ ವಿಷಯದಲ್ಲಿ ಫಲಿತಾಂಶ ತಿರುಗುಮುರುಗು. ಅಲ್ಲಿ ಈ ಗ್ರಾಹಕ ಇಲ್ಲದ ಇಲಿಗಳೇ ಹೆಚ್ಚು ಸತ್ತವು. ಶತ್ರು ಯಾರು, ಎಲ್ಲಿದ್ದಾನೆ, ಗಂಟೆ ಎಷ್ಟು ಹೊತ್ತು ಬಾರಿಸಿತು ಎಂಬುದರ ಮೇಲೆ ಲಾಭ ನಷ್ಟ ನಿಂತಿದೆ.

ಫ್ಲೂ ನಂತರದ ನ್ಯುಮೋನಿಯಾ ಕೂಡ ಇದಕ್ಕೆ ಉದಾಹರಣೆ. 1918ರ ಮಹಾಮಾರಿಯಲ್ಲಿ ಸತ್ತ ಬಹುಪಾಲು ಜನರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇತ್ತು ಎಂದು ನಂತರದ ಅಧ್ಯಯನಗಳು ತಿಳಿಸಿವೆ. ವೈರಸ್ಸಿಗಾಗಿ ಬಾರಿಸಿದ ಇಂಟರ್‌ಫೆರಾನ್ ಗಂಟೆ, ನ್ಯೂಟ್ರೋಫಿಲ್‌ಗಳನ್ನು ಕರೆಯುವ ಸಂದೇಶವನ್ನು ಕುಗ್ಗಿಸುತ್ತದೆ, ಆ ಸಂದಿಯಲ್ಲಿ ನ್ಯುಮೊಕಾಕಸ್ ನುಸುಳುತ್ತದೆ ಎಂಬುದನ್ನು ಇಲಿಗಳಲ್ಲಿ ತೋರಿಸಲಾಗಿದೆ.

ಬ್ರೇಕ್ ಹಾಕುವುದು ಹೇಗೆ?

ಗಂಟೆ ಬಾರಿಸುವ ಕೋಶಗಳೇ ಅದನ್ನು ನಿಲ್ಲಿಸುವ ವ್ಯವಸ್ಥೆಯನ್ನೂ ಇಟ್ಟುಕೊಂಡಿವೆ. ಮುಖ್ಯವಾದ ನಾಲ್ಕನ್ನು ನೋಡೋಣ.

ಒಂದು, ಐಎಲ್-10. ಮ್ಯಾಕ್ರೋಫೇಜ್ ಉರಿಯೂತದ ವಸ್ತುಗಳನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಈ ಶಾಂತಿ ಸಂದೇಶವನ್ನೂ ಬಿಡುತ್ತದೆ. ಅದು ತನ್ನನ್ನೂ ನೆರೆಯವರನ್ನೂ ತಣ್ಣಗಾಗಿಸುತ್ತದೆ.

ಎರಡು, ಸಾಕ್ಸ್1. ಇಂಟರ್‌ಫೆರಾನ್ ಎಬ್ಬಿಸಿದ ಜೀನ್‌ಗಳಲ್ಲೇ ಇದೂ ಒಂದು. ಹುಟ್ಟಿದ ಕೂಡಲೇ ಜ್ಯಾಕ್ ಪ್ರೋಟೀನ್‌ಗಳ ಕೈ ಹಿಡಿಯುತ್ತದೆ. ಗಂಟೆಯೇ ತನ್ನನ್ನು ನಿಲ್ಲಿಸುವವನನ್ನು ಹುಟ್ಟಿಸುತ್ತದೆ ಎಂದರ್ಥ.

ಮೂರು, ಯುಎಸ್‌ಪಿ18. ಇದು ಇಂಟರ್‌ಫೆರಾನ್ ಗ್ರಾಹಕದ ಬಳಿಯೇ ಕುಳಿತು ಮುಂದಿನ ಸಂದೇಶಗಳಿಗೆ ಕಿವಿ ಮಂದವಾಗುವಂತೆ ಮಾಡುತ್ತದೆ.

ನಾಲ್ಕು, ಸಹಿಷ್ಣುತೆ. ಒಮ್ಮೆ ಎಲ್‌ಪಿಎಸ್ ಕಂಡ ಮ್ಯಾಕ್ರೋಫೇಜ್ ಎರಡನೇ ಸಲ ಅಷ್ಟು ಜೋರಾಗಿ ಕೂಗುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ಪಾಲ್ ಬೀಸನ್ ಮೊಲಗಳಿಗೆ ಟೈಫಾಯಿಡ್ ಲಸಿಕೆಯನ್ನು ಮತ್ತೆ ಮತ್ತೆ ಕೊಟ್ಟಾಗ ಜ್ವರ ಬರಬರುತ್ತಾ ಕಡಿಮೆಯಾಗಿದ್ದನ್ನು ದಾಖಲಿಸಿದ್ದರು. ಇದರಲ್ಲೂ ಅಪಾಯವಿದೆ. ಸೆಪ್ಸಿಸ್‌ನಿಂದ ಪಾರಾದ ಕೆಲವರಲ್ಲಿ ರಕ್ಷಣಾ ಕೋಶಗಳು ಹೀಗೆ ಮಂಕಾಗಿ, ಆಸ್ಪತ್ರೆಯಲ್ಲೇ ಇನ್ನೊಂದು ಸೋಂಕು ಅಂಟಿಕೊಳ್ಳುತ್ತದೆ.

ಬ್ರೇಕ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಮಕ್ಕಳಲ್ಲೂ ಕಂಡಿದೆ. ಯುಎಸ್‌ಪಿ18 ಜೀನ್ ಕೆಟ್ಟಿದ್ದ ಶಿಶುಗಳ ಬಗ್ಗೆ 2016ರಲ್ಲಿ ವರದಿಯಾಯಿತು. ಗರ್ಭದಲ್ಲಿ ಸೋಂಕು ತಗುಲಿದ ಮಕ್ಕಳಂತೆ ಇವರ ಮಿದುಳಿಗೆ ಹಾನಿಯಾಗಿತ್ತು, ಆದರೆ ಯಾವ ಸೋಂಕೂ ಇರಲಿಲ್ಲ. ಶತ್ರುವೇ ಇಲ್ಲದೆ ಗಂಟೆ ಬಾರಿಸುತ್ತಿತ್ತು. 2020ರಲ್ಲಿ ಇಂಥದ್ದೇ ಒಂದು ಮಗುವಿಗೆ ಜ್ಯಾಕ್ ಪ್ರೋಟೀನನ್ನು ತಡೆಯುವ ಮಾತ್ರೆ ಕೊಟ್ಟು ವೈದ್ಯರು ಕಾಯಿಲೆಯನ್ನು ಹತೋಟಿಗೆ ತಂದ ವರದಿ ಬಂತು. ಬ್ರೇಕ್ ಎಲ್ಲಿ ಕೆಟ್ಟಿದೆ ಎಂದು ತಿಳಿದದ್ದಕ್ಕೇ ಔಷಧಿ ಸಿಕ್ಕಿದ್ದು.

ಟಿಬಿ: ಭಾರತಕ್ಕೆ ಇದು ಏಕೆ ಮುಖ್ಯ?

ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2023ರಲ್ಲಿ ಜಗತ್ತಿನಲ್ಲಿ 1.08 ಕೋಟಿ ಜನರಿಗೆ ಕ್ಷಯರೋಗ ಬಂತು. ಅವರಲ್ಲಿ ಸುಮಾರು ಶೇ. 26ರಷ್ಟು ಜನ ಭಾರತದವರು. ಇಂಟರ್‌ಫೆರಾನ್‌ನ ಎರಡು ಮುಖಗಳು ಎದುರುಬದುರಾಗುವುದು ಈ ರೋಗದಲ್ಲೇ.

ಟಿಬಿ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್‌ನ ಹೊಟ್ಟೆಯಲ್ಲೇ ಬದುಕುತ್ತದೆ. ಅದರ ಬಳಿ ಇಎಸ್‌ಎಕ್ಸ್-1 ಎಂಬ ಸ್ರಾವ ವ್ಯವಸ್ಥೆ ಇದೆ. ಅದರ ಮೂಲಕ ಬಿಡುವ ವಸ್ತುಗಳಿಂದ ತನ್ನನ್ನು ಸುತ್ತಿದ ಚೀಲದ ಪೊರೆಗೆ ಹಾನಿ ಮಾಡುತ್ತದೆ. ಆಗ ಬ್ಯಾಕ್ಟೀರಿಯಾದ ಡಿಎನ್‌ಎ ಕೋಶದ್ರವಕ್ಕೆ ಸೋರುತ್ತದೆ, ಸಿಗ್ಯಾಸ್ ಅದನ್ನು ಹಿಡಿಯುತ್ತದೆ, ಬೀಟಾ ಇಂಟರ್‌ಫೆರಾನ್ ಹೊರಡುತ್ತದೆ.

ಕ್ಷಯದಲ್ಲಿ ಈ ಗಂಟೆ ರೋಗಿಗಿಂತ ಬ್ಯಾಕ್ಟೀರಿಯಾಕ್ಕೇ ಹೆಚ್ಚು ಅನುಕೂಲ ಮಾಡಿಕೊಡುವಂತೆ ಕಾಣುತ್ತದೆ. 2010ರಲ್ಲಿ ಲಂಡನ್ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳ ರಕ್ತ ಪರೀಕ್ಷಿಸಿದ ಆ್ಯನ್ ಓ'ಗಾರಾ ಮತ್ತಿತರರು, ಸಕ್ರಿಯ ಟಿಬಿ ಇರುವವರ ನ್ಯೂಟ್ರೋಫಿಲ್‌ಗಳಲ್ಲಿ ಇಂಟರ್‌ಫೆರಾನ್ ಎಬ್ಬಿಸಿದ ಜೀನ್‌ಗಳ ಸ್ಪಷ್ಟ ಗುರುತು ಕಂಡರು. ರೋಗ ಹೆಚ್ಚಿದ್ದವರಲ್ಲಿ ಗುರುತೂ ಹೆಚ್ಚು. ಚಿಕಿತ್ಸೆ ಕೊಟ್ಟಂತೆ ಅದು ಮಾಸುತ್ತಾ ಹೋಯಿತು. ಈ ಕೆಲಸ ನಡೆದದ್ದು, 1957ರಲ್ಲಿ ಇಂಟರ್‌ಫೆರಾನ್ ಪತ್ತೆಯಾದ ಅದೇ ಮಿಲ್ ಹಿಲ್ ಸಂಸ್ಥೆಯಲ್ಲಿ.

ಇದಕ್ಕೆ ಎದುರಾಗಿ ನಿಂತಿರುವುದು ಗಾಮಾ ಇಂಟರ್‌ಫೆರಾನ್. ಅದರ ಗ್ರಾಹಕ ಹುಟ್ಟಿನಿಂದಲೇ ಕೆಟ್ಟಿದ್ದ ಮಕ್ಕಳ ಬಗ್ಗೆ 1996ರಲ್ಲಿ ವರದಿಯಾಯಿತು. ಬೇರೆ ಮಕ್ಕಳಿಗೆ ಏನೂ ಮಾಡದ ಬಿಸಿಜಿ ಲಸಿಕೆಯ ದುರ್ಬಲ ಬ್ಯಾಕ್ಟೀರಿಯಾ ಕೂಡ ಇಂತಹ ಮಕ್ಕಳ ಮೈಯೆಲ್ಲ ಹರಡಬಲ್ಲದು. ಗಾಮಾ ಇಲ್ಲದೆ ಮ್ಯಾಕ್ರೋಫೇಜ್ ನುಂಗುತ್ತದೆ, ಕೊಲ್ಲಲಾರದು.

ಈ ಎರಡು ಪಕ್ಷಗಳ ನಡುವಿನ ತಕ್ಕಡಿ ಮ್ಯಾಕ್ರೋಫೇಜ್ ಕೈಯಲ್ಲಿದೆ. ಅದು ಐಎಲ್-12 ಬಿಟ್ಟರೆ ಎನ್‌ಕೆ ಮತ್ತು ಟಿ ಕೋಶಗಳು ಗಾಮಾ ಸುರಿಸುತ್ತವೆ. ಐಎಲ್-1 ಬಿಟ್ಟರೆ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ಮೂಲಕ ಮೊದಲ ಬಗೆಯ ಇಂಟರ್‌ಫೆರಾನ್ ತಗ್ಗುತ್ತದೆ ಎಂದು 2014ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಬೀಟಾ ಮೇಲುಗೈ ಪಡೆದರೆ ಐಎಲ್-10 ಏರಿ, ಗಾಮಾದ ಮಾತು ಕೇಳಿಸದಂತಾಗುತ್ತದೆ. 2013ರಲ್ಲಿ ಕುಷ್ಠರೋಗಿಗಳ ಚರ್ಮದ ಗಾಯಗಳಲ್ಲೂ ಇದೇ ಚಿತ್ರ ಕಂಡಿತು. ರೋಗ ಮೈತುಂಬ ಹರಡುವ ಬಗೆಯಲ್ಲಿ ಬೀಟಾ ಮತ್ತು ಐಎಲ್-10 ಹೆಚ್ಚಿದ್ದವು. ಕೆಲವೇ ಮಚ್ಚೆಗಳಿಗೆ ಸೀಮಿತವಾಗುವ ಬಗೆಯಲ್ಲಿ ಗಾಮಾ ಮುಂದಿತ್ತು.

ಬ್ಯಾಕ್ಟೀರಿಯಾ ಸುಮ್ಮನೆ ಕೂರುವುದಿಲ್ಲ

ಇಂಟರ್‌ಫೆರಾನ್ ಎಬ್ಬಿಸುವ ಅಸ್ತ್ರಗಳಲ್ಲಿ ಜಿಬಿಪಿ ಎಂಬ ಪ್ರೋಟೀನ್‌ಗಳಿವೆ. ಕೋಶದೊಳಗೆ ಅಡಗಿದ ಬ್ಯಾಕ್ಟೀರಿಯಾದ ಮೈಗೆ ಇವು ಮುತ್ತಿಕೊಳ್ಳುತ್ತವೆ. ರಕ್ತಭೇದಿ ತರುವ ಶಿಗೆಲ್ಲಾ ಇದಕ್ಕೆ ಪ್ರತಿತಂತ್ರ ಹೂಡಿದೆ. ತನ್ನ ಒಂದು ಪ್ರೋಟೀನನ್ನು ಕೋಶದೊಳಗೆ ಚುಚ್ಚಿ, ಜಿಬಿಪಿಗಳನ್ನು ಕೋಶದ ಕಸದ ಬುಟ್ಟಿಗೆ ಹಾಕಿಸುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಲಿಸ್ಟೀರಿಯಾ ಗಂಟೆಯಿಂದಲೇ ಲಾಭ ಪಡೆದರೆ, ಶಿಗೆಲ್ಲಾ ಗಂಟೆ ಕೇಳಿ ಬಂದವರನ್ನೇ ಕೆಡವುತ್ತದೆ.

ಹಾಗಾದರೆ ಔಷಧಿ ಏಕಿಲ್ಲ?

ಎಲ್‌ಪಿಎಸ್ ಹಿಡಿಯುವ ಗ್ರಾಹಕವನ್ನೇ ಮುಚ್ಚಿಬಿಟ್ಟರೆ ಸೆಪ್ಸಿಸ್ ನಿಲ್ಲುತ್ತದೆ ಎಂಬ ಯೋಚನೆ ಸಹಜ. ಟಿಎಲ್‌ಆರ್4ಗೆ ಅಡ್ಡ ನಿಲ್ಲುವ ಎರಿಟೊರಾನ್ ಎಂಬ ಔಷಧಿಯನ್ನು ಸುಮಾರು 2,000 ತೀವ್ರ ಸೆಪ್ಸಿಸ್ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು: 28 ದಿನಗಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ರೋಗಿ ಐಸಿಯುಗೆ ಬರುವ ಹೊತ್ತಿಗೆ ಬಾಗಿಲ ಗಂಟೆ ಬಾರಿಸಿ ಮುಗಿದಿರುತ್ತದೆ, ಒಳಗಿನ ಗಂಟೆಗಳು ಎದ್ದಿರುತ್ತವೆ. ಜೊತೆಗೆ ಒಬ್ಬ ರೋಗಿಯಲ್ಲಿ ಗಂಟೆ ಜೋರಾಗಿದ್ದರೆ, ಇನ್ನೊಬ್ಬರಲ್ಲಿ ಕೋಶಗಳು ಆಗಲೇ ಮಂಕಾಗಿರಬಹುದು. ಇಬ್ಬರಿಗೂ ಒಂದೇ ಬ್ರೇಕ್ ಹಾಕಿದರೆ ಒಬ್ಬರಿಗೆ ನೆರವು, ಇನ್ನೊಬ್ಬರಿಗೆ ತೊಂದರೆ. ಯಾವ ರೋಗಿ ಯಾವ ಹಂತದಲ್ಲಿದ್ದಾರೆ ಎಂದು ರಕ್ತದ ಗುರುತುಗಳಿಂದ ಮೊದಲು ತಿಳಿದುಕೊಳ್ಳುವ ದಿಕ್ಕಿನಲ್ಲಿ ಸಂಶೋಧನೆ ಸಾಗಿರುವುದು ಇದೇ ಕಾರಣಕ್ಕೆ.

ಇಂಟರ್‌ಫೆರಾನ್ ಸ್ವತಃ ಔಷಧಿಯೂ ಹೌದು. ಹೆಪಟೈಟಿಸ್‌ಗೆ ಆಲ್ಫಾ, ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬೀಟಾ, ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲಾಗದ ಒಂದು ಅಪರೂಪದ ಆನುವಂಶಿಕ ಕಾಯಿಲೆಗೆ ಗಾಮಾ ಬಳಕೆಯಲ್ಲಿವೆ. ಆಲ್ಫಾ ಚುಚ್ಚುಮದ್ದು ಪಡೆದವರಲ್ಲಿ ಜ್ವರ, ಮೈಕೈ ನೋವು, ಆಯಾಸ ಸಾಮಾನ್ಯ. ಫ್ಲೂ ಬಂದಾಗ ಆಗುವ ಸಂಕಟದಲ್ಲಿ ವೈರಸ್ಸಿನ ಪಾಲೆಷ್ಟು, ನಮ್ಮ ಗಂಟೆಯ ಪಾಲೆಷ್ಟು ಎಂಬುದಕ್ಕೆ ಇದೇ ಸಾಕ್ಷಿ.

ಓದುಗರು ತಿಳಿದಿರಬೇಕಾದ್ದು

- ಐಜಿಆರ್‌ಎ ಪರೀಕ್ಷೆ: ಟಿಬಿ ಸೋಂಕಿಗೆ ಮಾಡುವ ಈ ರಕ್ತಪರೀಕ್ಷೆ ಅಳೆಯುವುದು ಗಾಮಾ ಇಂಟರ್‌ಫೆರಾನನ್ನೇ. ಬಿಸಿಜಿ ಬ್ಯಾಕ್ಟೀರಿಯಾದಲ್ಲಿ ಇಎಸ್‌ಎಕ್ಸ್-1ಕ್ಕೆ ಸೇರಿದ ಜೀನ್‌ಗಳ ಭಾಗ ಕಳೆದುಹೋಗಿದೆ, ಪರೀಕ್ಷೆಯಲ್ಲಿ ಬಳಸುವುದು ಆ ಭಾಗದ ಪ್ರೋಟೀನ್‌ಗಳನ್ನೇ. ಹಾಗಾಗಿ ಬಿಸಿಜಿ ಹಾಕಿಸಿಕೊಂಡ ಮಾತ್ರಕ್ಕೆ ಇದು ಪಾಸಿಟಿವ್ ಬರುವುದಿಲ್ಲ. ಆದರೆ ಪಾಸಿಟಿವ್ ಬಂದರೆ ರೋಗ ಸಕ್ರಿಯವಾಗಿದೆ ಎಂದೂ ಅರ್ಥವಲ್ಲ. ಅದಕ್ಕೆ ಕಫ ಪರೀಕ್ಷೆ, ಎಕ್ಸ್‌ರೇ ಬೇಕು.
- ಸೆಪ್ಸಿಸ್ ಲಕ್ಷಣ: ಸೋಂಕು ಇರುವವರಲ್ಲಿ ಉಸಿರಾಟ ವೇಗವಾಗುವುದು, ಮಾತು ತೊದಲುವುದು ಅಥವಾ ಗೊಂದಲ, ಮೂತ್ರ ಕಡಿಮೆಯಾಗುವುದು, ಚರ್ಮ ತಣ್ಣಗಾಗಿ ಬಣ್ಣಗೆಡುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಇಲ್ಲಿ ಗಂಟೆಗಳೇ ಲೆಕ್ಕ.
- ಫ್ಲೂ ನಂತರ: ಜ್ವರ ಇಳಿದು ಎರಡು ದಿನ ಚೆನ್ನಾಗಿದ್ದು, ಮತ್ತೆ ಜ್ವರ, ಕೆಮ್ಮು, ಎದೆನೋವು ಬಂದರೆ ಅದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ವೈದ್ಯರಿಗೆ ತೋರಿಸಿ.
- ಇಮ್ಯೂನಿಟಿ ಬೂಸ್ಟರ್: ರೋಗನಿರೋಧಕ ಶಕ್ತಿ 'ಹೆಚ್ಚಿಸುವ' ಪುಡಿ, ಕಷಾಯ, ಮಾತ್ರೆಗಳ ಜಾಹೀರಾತು ನೋಡಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾವುದನ್ನು ಹೆಚ್ಚಿಸುತ್ತದೆ? ಗಂಟೆಯನ್ನೋ, ಬ್ರೇಕನ್ನೋ?

ಆರೋಗ್ಯವಂತ ದೇಹ ಎಂದರೆ ಜೋರಾಗಿ ಕೂಗುವ ದೇಹವಲ್ಲ. ಕಳ್ಳ ಬಂದಾಗ ಕೂಗಿ, ಹೋದ ಮೇಲೆ ಸುಮ್ಮನಾಗುವ ದೇಹ. ಐಸಿಯು ಹೊರಗೆ ಕುಳಿತವರು ಕೇಳುವ ಆ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೆ ಉತ್ತರ ಹುಡುಕಬೇಕಾದದ್ದು ಬ್ಯಾಕ್ಟೀರಿಯಾದಲ್ಲಿ ಮಾತ್ರವಲ್ಲ, ಗಂಟೆಯ ಹಗ್ಗ ಹಿಡಿದ ನಮ್ಮದೇ ಕೋಶಗಳಲ್ಲೂ ಎಂಬುದು ಈಗ ಖಚಿತವಾಗಿದೆ.